ವಾಮದೇವಪ್ಪನವರ ಆಕಳಿಕೆ

ಐವತ್ತೊಂಬತ್ತು ವರ್ಷ ತುಂಬುವವರೆಗೆ ವಾಮದೇವಪ್ಪನವರ ಗುರುತಿದ್ದದ್ದು ನೆಂಟರಿಗೆ, ನಿಜಲಿಂಗಪ್ಪ ಬಡಾವಣೆಯ ನೆರೆಯವರಿಗೆ, ಮತ್ತೆ ಬೀಗ-ಚಿಲಕ ಬೇಕಾಗಿ ಚೌಕಿಪೇಟೆಯ ಅವರ ಅಂಗಡಿಗೆ ಬರುತ್ತಿದ್ದವರಿಗೆ ಮಾತ್ರ. ಆಮೇಲೆ ಒಂದು ಆಕಳಿಕೆ ಬಂತು.

ಅದು ಬಂದದ್ದು ವರ್ತಕರ ಸಭೆಯಲ್ಲಿ. ಬೆಂಗಳೂರಿಂದ ಬಂದ ಅತಿಥಿಯೊಬ್ಬರು ಸಮಯದ ಸದ್ಬಳಕೆಯ ಬಗ್ಗೆ ಒಂದೂಮುಕ್ಕಾಲು ಗಂಟೆಯಿಂದ ಮಾತಾಡುತ್ತಿದ್ದರು. ಮುಂದಿನ ಸಾಲು ಖಾಲಿ ಕಾಣಬಾರದೆಂದು ಹಿಂದಿದ್ದ ವಾಮದೇವಪ್ಪನವರನ್ನು ಎಳೆತಂದು ಅಲ್ಲಿ ಕೂರಿಸಿದ್ದರು. "ಅವಕಾಶ ಯಾವಾಗ ಬರುತ್ತದೋ ಹೇಳಲಾಗದು" ಎಂದು ಅತಿಥಿಗಳು ಹೇಳುವುದಕ್ಕೂ, ಲೋಕಲ್ ಚಾನೆಲ್ಲಿನ ಕ್ಯಾಮೆರಾ ಈ ಕಡೆ ತಿರುಗುವುದಕ್ಕೂ ಸರಿಹೋಯಿತು. ಮೊದಲು ವಾಮದೇವಪ್ಪನವರ ಮೂಗಿನ ಹೊಳ್ಳೆ ಅರಳಿತು. ಕಣ್ಣು ಮುಚ್ಚಿತು. ಬಾಯಿ ತೆರೆಯಿತು, ತೆರೆಯುತ್ತಲೇ ಹೋಯಿತು. ಹದಿನಾಲ್ಕು ಸೆಕೆಂಡಾದ ಮೇಲೆ ಅವರು ಬಾಯಿ ಮುಂದೆ ಎರಡು ಚಿಟಿಕೆ ಹೊಡೆದು, "ಶಿವಾ" ಎಂದು ಮುಚ್ಚಿಕೊಂಡರು.

ಯಾರೋ ಆ ದೃಶ್ಯಕ್ಕೆ ಶಹನಾಯಿ ಸೇರಿಸಿ ಫೋನುಗಳಲ್ಲಿ ಹರಿಬಿಟ್ಟರು. ನಾಲ್ಕು ದಿನದೊಳಗೆ ಸಂತೆಯಲ್ಲಿ, ಬಸ್ಸಿನಲ್ಲಿ, ಬ್ಯಾಂಕಿನ ಸಾಲಿನಲ್ಲಿ ಜನ ಅವರನ್ನು ತಡೆದು ನಿಲ್ಲಿಸತೊಡಗಿದರು. "ಸರ, ಒಂದೇ ಒಂದು ಆಕಳಿಸ್ರಿ. ಮನೆಯಾಗ ತೋರಿಸ್ತೀನಿ."

ವಾಮದೇವಪ್ಪನವರಿಗೆ ಮೊದಲು ನಾಚಿಕೆಯಾಯಿತು. ಎರಡನೇ ವಾರ ಅಭ್ಯಾಸವಾಯಿತು. ಮೂರನೇ ವಾರ ತಂಪು ಕನ್ನಡಕ ಕೊಂಡರು.

ಎಸ್.ಎಸ್. ಬಡಾವಣೆಯಲ್ಲಿ ಹಾಸಿಗೆಯ ಶೋರೂಮ್ ಇಟ್ಟ ಬಕ್ಕೇಶ್ ಮನೆಗೇ ಬಂದು ಕರೆದ. "ಉದ್ಘಾಟನೆಗೆ ನೀವೇ ಆಗ್ಬೇಕು ಸರ. ರಿಬ್ಬನ್ನು, ಕತ್ತರಿ ಏನೂ ಬ್ಯಾಡ. ಹಾಸ್ಗಿ ಮ್ಯಾಲೆ ಕೂತು ಒಂದು ಆಕಳಿಸಿದ್ರಿ ಅಂದ್ರ ಆತು."

ಇಸ್ತ್ರಿಯ ಪಂಚೆ, ಜರಿ ಶಲ್ಯದಲ್ಲಿ ವಾಮದೇವಪ್ಪನವರು ಹಾಸಿಗೆಯ ಮೇಲೆ ಕೂತರು. ಇನ್ನೂರು ಫೋನುಗಳು ಮೇಲೆದ್ದವು. ಆಕಳಿಕೆ ಮಾತ್ರ ಬರಲಿಲ್ಲ. ಸುಮ್ಮನೆ ಬಾಯಿ ತೆರೆದರೆ ಗಂಟಲು ತೋರಿಸಲು ಬಂದ ರೋಗಿಯ ಹಾಗೆ ಕಂಡರು. "ಇದು ಅದಲ್ಲ" ಎಂದು ಜನ ಗೊಣಗಿದರು. ಬಕ್ಕೇಶ್ ಬಗ್ಗಿ ಕಿವಿಯಲ್ಲಿ, "ಒಂದ್ ನಿಮಿಷ ಅಡ್ಡಾಗ್ರಿ ಸರ, ತಾನೇ ಬರ್ತೈತೆ" ಎಂದ. ಅವರು ಅಡ್ಡಾದರು. ಎಚ್ಚರವಾದಾಗ ಎರಡು ಗಂಟೆ ಕಳೆದಿತ್ತು, ಜನ ಕರಗಿದ್ದರು, ಅವರ ಹೊಟ್ಟೆಯ ಮೇಲೆ "ಶೇಕಡಾ ಐವತ್ತು ರಿಯಾಯಿತಿ" ಎಂಬ ಬೋರ್ಡು ಏರುತ್ತ ಇಳಿಯುತ್ತ ಇತ್ತು. ವ್ಯಾಪಾರ ಮಾತ್ರ ಭರ್ಜರಿಯಾಗಿತ್ತಂತೆ.

ಅಂದಿನಿಂದ ಅವರು ಆಕಳಿಕೆಯನ್ನು ಜೋಪಾನ ಮಾಡತೊಡಗಿದರು. ಮನೆಯಲ್ಲಿ ಬಂದರೆ ಟವೆಲ್ಲಿನಿಂದ ಅದುಮಿ ಹಿಡಿದು, "ಸುಮ್ನೆ ಖರ್ಚಾಗಬಾರ್ದು" ಎನ್ನುವರು. ಬೆಳಿಗ್ಗೆ ಕನ್ನಡಿಯ ಮುಂದೆ ಸಾಧನೆ. ಹೆಂಡತಿ ಉಮಾಮಹೇಶ್ವರಿ ಕಾಳು ಆರಿಸುತ್ತ ನೋಡುತ್ತಿದ್ದರು.

"ಮೂವತ್ತೆರಡು ವರ್ಷ ಪುಕ್ಕಟೆ ನೋಡೀನಿ ನಾನು" ಎಂದರು ಒಂದು ದಿನ. "ಅದೇನ್ ಮಹಾ ದೊಡ್ಡದಲ್ರಿ. ನಮ್ಮಣ್ಣನ ಮದುವ್ಯಾಗ ಇದಕ್ಕಿಂತ ದೊಡ್ಡದು ಬಂದಿತ್ತು ನಿಮಗೆ."

ಎರಡು ತಿಂಗಳು ಹೀಗೆ ನಡೆಯಿತು. ಅಷ್ಟರಲ್ಲಿ ಹದಡಿ ಹಳ್ಳಿಯ ಒಂದು ಎಮ್ಮೆ ಬಸ್ಸಿಗೆ ಅಡ್ಡ ನಿಂತುಬಿಟ್ಟಿತು. ಹಾರನ್ನಿಗೂ ಜಗ್ಗದೆ, ಕಡೆಗೆ ಕಂಡಕ್ಟರು ಇಳಿದು ಕೈಮುಗಿದು "ದಾರಿ ಬಿಡ್ರಿ ಅಮ್ಮಾರೆ" ಎಂದ ಮೇಲೆ ಸರಿಯಿತು. ಊರ ಫೋನುಗಳಲ್ಲೆಲ್ಲ ಈಗ ಎಮ್ಮೆ.

ಬಕ್ಕೇಶ್ ಹರಿಹರದಲ್ಲಿ ಇನ್ನೊಂದು ಶೋರೂಮ್ ತೆರೆಯುವ ಸುದ್ದಿ ಬಂದಾಗ ವಾಮದೇವಪ್ಪನವರು ಶಲ್ಯ ಒಗೆಸಿಟ್ಟುಕೊಂಡು ಕಾದರು. ಫೋನು ಬಂತು.

"ಸರ, ತಪ್ಪು ತಿಳೀಬ್ಯಾಡ್ರಿ. ಈ ಸಲ ಎಮ್ಮೆ ಕರೆಸೀವಿ."

ಅವರು ಶಲ್ಯವನ್ನು ಪಕ್ಕಕ್ಕಿಟ್ಟು, "ಎಮ್ಮೆ ಹಾಸ್ಗಿ ಮ್ಯಾಲೆ ಮಲಗ್ತೈತೇನಪ್ಪ?" ಎಂದರು.

"ಮಲಗೋದೇನ್ ಬ್ಯಾಡ ಸರ. ನಿಂತ್ರೆ ಸಾಕು. ಸ್ಪ್ರಿಂಗ್ ಗಟ್ಟಿ ಐತೆ ಅಂತ ಜನಕ್ಕ ಗೊತ್ತಾಗ್ತೈತೆ."

ಎರಡು ದಿನ ಅವರಿಗೆ ರೊಟ್ಟಿ ಸೇರಲಿಲ್ಲ. ಮಗಳು ಅಂಕಿತಾ ಹಲ್ಲಿನ ಡಾಕ್ಟರು. ಹರಿಹರದ ಒಂದು ಸರ್ಕಾರಿ ಶಾಲೆಯಲ್ಲಿ ಮಕ್ಕಳ ಹಲ್ಲು ನೋಡುವ ಶಿಬಿರಕ್ಕೆ ಅವಳು ಹೊರಟಾಗ ಉಮಾಮಹೇಶ್ವರಿ, "ಇವರನ್ನೂ ಕರ್ಕೊಂಡು ಹೋಗವ್ವ, ಕಾರು ಓಡಿಸ್ತಾರೆ. ಮನೆಯಾಗಿದ್ರೆ ಕನ್ನಡಿ ಸವೀತೈತೆ" ಎಂದು ಕಳಿಸಿಕೊಟ್ಟರು.

ಶಾಲೆಯಲ್ಲಿ ನೂರಾ ನಲವತ್ತು ಮಕ್ಕಳು. ಡಾಕ್ಟರು ಇಕ್ಕಳ ಹಾಕಿ ಇದ್ದಬದ್ದ ಹಲ್ಲನ್ನೆಲ್ಲ ಕೀಳುತ್ತಾರೆಂದು ಯಾರೋ ಸುದ್ದಿ ಹಬ್ಬಿಸಿದ್ದರು. ಒಂದು ಮಗುವೂ ಬಾಯಿ ಬಿಡಲೊಲ್ಲದು. ಹೆಸರು ಕೇಳಿದರೆ ಮೂಗಿನಿಂದಲೇ ಹೇಳುತ್ತಿದ್ದವು. ಮುಖ್ಯೋಪಾಧ್ಯಾಯಿನಿ ನಿರ್ಮಲಮ್ಮ ಬೆದರಿಸಿ ನೋಡಿದರು, ಆಮೇಲೆ ಪೆಪ್ಪರ್ಮೆಂಟು ತರಿಸಿದರು. ಅಂಕಿತಾ ಮತ್ತು ಜೊತೆಗೆ ಬಂದಿದ್ದ ಹಲ್ಲಿನ ಡಾಕ್ಟರುಗಳು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಮಕ್ಕಳು ಪೆಪ್ಪರ್ಮೆಂಟನ್ನು ಜೇಬಿಗಿಳಿಸಿ ತುಟಿ ಬಿಗಿದುಕೊಂಡೇ ನಿಂತವು.

ಜಗುಲಿಯ ಮೂಲೆಯಲ್ಲಿ ಸಪ್ಪಗೆ ಕೂತಿದ್ದ ವಾಮದೇವಪ್ಪನವರ ಮುಂದೆ ಎರಡನೇ ಕ್ಲಾಸಿನ ಹುಡುಗಿಯೊಬ್ಬಳು ಬಂದು ನಿಂತಳು. ಹೆಸರು ಸಹನಾ. ಬಹಳ ಹೊತ್ತು ನೋಡಿ, ಬೆಳಿಗ್ಗೆಯಿಂದ ಬಿಗಿದಿದ್ದ ತುಟಿ ಬಿಚ್ಚಿ, "ಅಜ್ಜಾ, ನೀನು ಆಕಳಿಕೆ ಅಜ್ಜ ಅಲ್ಲೇನು?" ಎಂದಳು.

ವಾಮದೇವಪ್ಪನವರ ಮುಖ ಹೊಳೆಯಿತು. "ಹೌದವ್ವ."

"ಮತ್ತೆ ಆಕಳಿಸು."

ಅವರು ಎದೆಯುಬ್ಬಿಸಿ ಒಂದು ಆಕಳಿಕೆ ಮಾಡಿದರು. ಸಹನಾ ತಲೆಯಾಡಿಸಿದಳು. "ಇದು ಡೂಪ್ಲಿಕೇಟು." ಇನ್ನೊಂದು ಮಾಡಿದರು. ಅದೂ ಡೂಪ್ಲಿಕೇಟೇ. ಅಷ್ಟರಲ್ಲಿ ಇನ್ನೂ ಹತ್ತಾರು ಮಕ್ಕಳು ಸುತ್ತ ಸೇರಿ, ಮೂಗಿನಿಂದಲೇ "ಹ್ಞುಂ ಹ್ಞುಂ" ಎಂದು ತೀರ್ಪು ಕೊಟ್ಟವು. ವಾಮದೇವಪ್ಪನವರು ಸೋತು, "ಬರೋದಿಲ್ಲ ಕಣವ್ವ. ಬರ್ಲಿ ಅಂದ್ರೆ ಬರೋ ಪೈಕಿ ಅಲ್ಲ ಅದು" ಎಂದರು. ಈ ನಿಜವನ್ನು ಅವರು ಬಕ್ಕೇಶನಿಗೂ ಹೇಳಿರಲಿಲ್ಲ.

ಮಧ್ಯಾಹ್ನ ಮಕ್ಕಳ ಸಾಲಿನಲ್ಲೇ ಕೂತು ಬಿಸಿಯೂಟ ಉಂಡರು. ಅನ್ನ, ಬದನೆಕಾಯಿ ಸಾಂಬಾರು, ಮೇಲೆ ಮತ್ತೊಂದು ಸೌಟು ಅನ್ನ. ಉಂಡು ಕಂಬಕ್ಕೆ ಒರಗಿದರು. ಬೇವಿನ ಮರದಿಂದ ಗಾಳಿ ಬೀಸಿತು. ಮೂಗಿನ ಹೊಳ್ಳೆ ಅರಳಿತು. ಅಭ್ಯಾಸಬಲದಿಂದ ಕೈ ಟವೆಲ್ಲಿಗೆ ಹೋಯಿತು. ಸಹನಾ ಕಣ್ಣರಳಿಸಿ ಕಾಯುತ್ತಿದ್ದುದನ್ನು ಕಂಡು ಅವರು ಟವೆಲ್ಲು ಬಿಟ್ಟರು.

ಬಾಯಿ ತೆರೆಯಿತು. ಬಾವಿಯ ಹಾಗೆ ತೆರೆಯಿತು. ಸಹನಾಳ ಬಾಯಿ ತಾನಾಗಿ ಅಗಲವಾಯಿತು, ಅವಳ ಪಕ್ಕದವನದು, ಅವನ ಪಕ್ಕದವಳದು, ಹೀಗೆ ಸಾಲಿನ ತುದಿಯವರೆಗೆ ಹೋಗಿ ಅಲ್ಲಿ ನಿಂತಿದ್ದ ನಿರ್ಮಲಮ್ಮನವರನ್ನೂ ತಲುಪಿತು.

"ನೋಡ್ರಿ, ನೋಡ್ರಿ, ಮುಚ್ಚೋದ್ರೊಳಗ ನೋಡ್ರಿ" ಎಂದು ಅಂಕಿತಾ ಬ್ಯಾಟರಿ ಹಿಡಿದು ಓಡಿದಳು. ಉಳಿದ ಡಾಕ್ಟರುಗಳೂ ಓಡಿದರು, ತಾವೂ ಆಕಳಿಸುತ್ತಲೇ. ನಿರ್ಮಲಮ್ಮನವರ ಬಾಯಿಯನ್ನೂ ಒಬ್ಬರು ನೋಡಿ ಬರೆದುಕೊಂಡುಬಿಟ್ಟರು.

ಆಮೇಲೆ ವಾಮದೇವಪ್ಪನವರನ್ನು ಕ್ಲಾಸಿಂದ ಕ್ಲಾಸಿಗೆ ಕರೆದೊಯ್ದರು. ಕೆಲವು ಕಡೆ ನಿಜದ್ದೇ ಬಂತು, ಕೆಲವು ಕಡೆ ಡೂಪ್ಲಿಕೇಟು ಬಂದು ಮಕ್ಕಳು ಬಾಯಿ ಬಿಟ್ಟು ನಕ್ಕವು. ಡಾಕ್ಟರುಗಳಿಗೆ ಎರಡೂ ಒಂದೇ. ಮೂರು ಗಂಟೆಗೆ ನೂರಾ ನಲವತ್ತು ಬಾಯಿ ಮುಗಿದಿದ್ದವು. ಅವರ ದವಡೆ ನೋಯುತ್ತಿತ್ತು, ತಂಪು ಕನ್ನಡಕ ಎಲ್ಲಿಟ್ಟರೋ ನೆನಪಿರಲಿಲ್ಲ. ಹಗುರವಾದಂತಿತ್ತು ಮನಸ್ಸು.

ಹುಳುಕು ಇದ್ದ ಮಕ್ಕಳನ್ನು ಶಿಬಿರದ ಕುರ್ಚಿಗೆ ಕರೆದರು. ಮೊದಲನೆಯ ಹೆಸರು ಸಹನಾಳದೇ. ಅವಳು ಕದಲಲಿಲ್ಲ. "ಅಜ್ಜನ ಬಾಯಾಗೂ ಕರ್ರಗೆ ಐತೆ. ನಾನು ನೋಡೀನಿ. ಮೊದ್ಲು ಅಜ್ಜಗೆ ಮಾಡ್ರಿ" ಎಂದಳು.

ವಾಮದೇವಪ್ಪನವರ ಬಾಯಿ ಟಪ್ಪನೆ ಮುಚ್ಚಿತು. ಅಂಕಿತಾ ಸೊಂಟದ ಮೇಲೆ ಕೈಯಿಟ್ಟು ನಿಂತಳು. "ಅಪ್ಪಾಜಿ, ಮನೆಯಾಗ ಕೇಳ್ದಾಗೆಲ್ಲ ಹಲ್ಲು ಗಟ್ಟಿ ಅವೆ ಅಂತಿದ್ರಿ."

ಅವರು ಬಾಗಿಲ ಕಡೆ ನೋಡಿದರು. ಬಾಗಿಲಲ್ಲಿ ಐದನೇ ಕ್ಲಾಸು ಪೂರ್ತಿ ನಿಂತಿತ್ತು. ಹೋಗಿ ಕುರ್ಚಿಯಲ್ಲಿ ಒರಗಿದರು. ಸಹನಾ ಅವರ ಕಿರುಬೆರಳು ಹಿಡಿದುಕೊಂಡಳು. "ಹೆದರಬ್ಯಾಡ ಅಜ್ಜ. ನಾನು ಎಣಿಸ್ತೀನಿ, ಅಷ್ಟ್ರಾಗ ಮುಗೀತೈತೆ."

ಅವಳು ಇಪ್ಪತ್ತೊಂಬತ್ತರವರೆಗೆ ಎಣಿಸಿ, ಮುಂದಿನದು ತಿಳಿಯದೆ ಮತ್ತೆ ಒಂದರಿಂದ ಶುರುಮಾಡಿದಳು. ಹಾಗೆ ಆರು ಸಲ ಆಯಿತು. ಅಂಕಿತಾ ಅಪ್ಪನ ಬಾಯಿಗೆ ಹತ್ತಿ ತುರುಕುತ್ತ, "ನಾಡಿದ್ದು ಮಲೇಬೆನ್ನೂರಾಗ ಶಿಬಿರ ಐತೆ. ಬರ್ತೀರೇನು ಅಪ್ಪಾಜಿ?" ಎಂದಳು.

ವಾಮದೇವಪ್ಪನವರು ಹತ್ತಿಯ ಒಳಗಿಂದ ಏನೋ ಅಂದರು.

"ಬರ್ತಾನಂತ್ರಿ ಅಜ್ಜ" ಎಂದು ಸಹನಾ ಹೇಳಿ, ಅವರನ್ನು ಕುರ್ಚಿಯಿಂದ ಎಬ್ಬಿಸಿ ತಾನು ಹತ್ತಿ ಕೂತಳು.