ಕಲ್ಲುಸಕ್ಕರೆಯ ಮೇಲಿನ ಕೆಂಪು

ಗೋಪಾಳದ ಆ ಹಲ್ಲಿನ ಕ್ಲಿನಿಕ್ಕಿನಲ್ಲಿ ಮೈತ್ರಿ ಸಹಾಯಕಿಯಾಗಿ ಸೇರಿ ಎಂಟು ತಿಂಗಳಾಗಿತ್ತು. ರೋಗಿಗಳ ಬಾಯಿಗಳಿಗೆ ಬೇಗ ಒಗ್ಗಿಕೊಂಡಳು. ಒಗ್ಗದೇ ಹೋದದ್ದು ಅಲ್ಲಿನ ಗಾಳಿ. ಹಲ್ಲು ಕ್ಲೀನ್ ಮಾಡುವ ಮೆಷಿನ್ನು ನೀರು ಚಿಮ್ಮಿಸತೊಡಗಿದರೆ ಸಾಕು, ಎಂಜಲು, ರಕ್ತ, ಕೊಳೆ ಎಲ್ಲ ತುಂತುರಾಗಿ ಮೇಲೇಳುತ್ತಿತ್ತು. ಎಂಥ ಹೇಸಿಗೆ! ದಿನವೂ ಅದು ಕಣ್ಣಿಗೆ ಕಾಣುತ್ತಿರಲಿಲ್ಲ. ಎಲೆಯಡಿಕೆ ಹಾಕುವವರು ಬಂದ ದಿನ ಮಾತ್ರ ಲೈಟಿನ ಮೇಲೆ, ಗೋಡೆಯ ಮೇಲೆ, ಅವಳ ಕನ್ನಡಕದ ಮೇಲೆ ಕೆಂಪಗೆ ಕೂತಿರುತ್ತಿತ್ತು.

"ಮೊದಲು ಔಷಧಿ ನೀರಲ್ಲಿ ಬಾಯಿ ಮುಕ್ಕಳಿಸ್ಲಿ ಸರ್. ತುಂತುರು ಎಳ್ಕೊಳ್ಳೋ ಆ ದೊಡ್ಡ ಸಕ್ಷನ್ ರಿಪೇರಿ ಮಾಡ್ಸಿ, ಕಿಟಕಿ ತೆಗೀತೀನಿ" ಎಂದು ಅವಳು ಹೇಳದ ವಾರವಿರಲಿಲ್ಲ.

"ಕಿಟಕಿ ತೆಗೆದ್ರೆ ಏಸಿ ಯಾಕೆ ಮಾರಾಯ್ತಿ? ಆ ಸಕ್ಷನ್ ಗುರ್ ಅಂದ್ರೆ ಪೇಷಂಟ್ ಎದ್ದು ಓಡ್ತಾರೆ" ಎಂದು ಡಾಕ್ಟರ್ ಶಿವಯೋಗಿ ನಗುತ್ತಿದ್ದರು.

ಒಳ್ಳೆಯ ಕೈಗುಣದ ಮನುಷ್ಯ, ದೈವಭಕ್ತ. ಕುರ್ಚಿಯ ಪಕ್ಕದಲ್ಲೇ ಅಮ್ಮನವರ ಫೋಟೊ, ಮುಂದೆ ತೆರೆದ ತಟ್ಟೆಯಲ್ಲಿ ಕಲ್ಲುಸಕ್ಕರೆ. ಬಂದವರಿಗೆಲ್ಲ ಅದೇ ಪ್ರಸಾದ. ಹಲ್ಲಿನ ಡಾಕ್ಟರು ಸಕ್ಕರೆ ಹಂಚುತ್ತಾರೆಂದು ಜನ ತಮಾಷೆ ಮಾಡುತ್ತಲೇ ತಿನ್ನುತ್ತಿದ್ದರು. ಮೈತ್ರಿ ಒಂದು ಮುಚ್ಚಳ ತಂದಿಟ್ಟರೆ, ದೇವರಿಗೆ ಇಟ್ಟಿದ್ದನ್ನು ಮುಚ್ಚಬಾರದೆಂದು ತೆಗೆಸಿದ್ದರು.

ಆ ಗುರುವಾರ ಅವಳ ಅಪ್ಪ ಷಣ್ಮುಖಪ್ಪ ದವಡೆ ನೋವೆಂದು ಭದ್ರಾವತಿಯಿಂದ ಬರುವವರಿದ್ದರು. ಹೋದ ವರ್ಷ ನ್ಯುಮೋನಿಯಾ ಆಗಿ ಹದಿನಾರು ದಿನ ಆಕ್ಸಿಜನ್ ಮೇಲಿದ್ದು ಉಳಿದ ಜೀವ ಅದು. ಇನ್ನೊಂದು ಸೋಂಕನ್ನು ಆ ಶ್ವಾಸಕೋಶ ತಡೆಯುವುದಿಲ್ಲ ಎಂದಿದ್ದರು ಆಸ್ಪತ್ರೆಯವರು. ಅದಕ್ಕೇ ಅಪ್ಪನನ್ನು ಮೊದಲಿಗೆ ಕೂರಿಸಿ ಎಂದು ಬೇಡಿಕೊಂಡಿದ್ದಳು. ಹಾಳಾದ್ದು ಬಸ್ಸು ತಡವಾಯಿತು. ಅಷ್ಟರಲ್ಲಿ ಗಾಜನೂರಿನ ವೀರಪ್ಪ ಬಾಯಲ್ಲಿದ್ದ ಎಲೆಯಡಿಕೆಯನ್ನು ಹೊರಗೆ ಉಗಿದು ಬಂದು ಕುರ್ಚಿಯಲ್ಲಿ ಕೂತಾಗಿತ್ತು. ಮುಚ್ಚಿದ ಕೋಣೆಯಲ್ಲಿ ಅರ್ಧ ಗಂಟೆ ಮೆಷಿನ್ ಓಡಿತು. ಮೈತ್ರಿ ಎರಡು ಸಲ ಕನ್ನಡಕದ ಮೇಲಿನ ಕೆಂಪು ಒರೆಸಿಕೊಂಡಳು.

ವೀರಪ್ಪ ಏಳುತ್ತಲೇ ಡಾಕ್ಟರು, ಅಷ್ಟರಲ್ಲಿ ಬಂದು ಹೊರಗೆ ಕಾಯುತ್ತಿದ್ದ ಅಪ್ಪನನ್ನು ಒಳಗೆ ಕರೆದರು.

"ಸರ್, ಸ್ವಲ್ಪ ಹೊತ್ತು ಕಿಟಕಿ..."

ಕೇಳುವವರು ಯಾರು? ಅವರು ಗ್ಲೌಸು, ಮಾಸ್ಕು ಕಳಚಿ, ತಟ್ಟೆಯಿಂದ ಒಂದು ಹರಳನ್ನು ತಮ್ಮ ಬಾಯಿಗೆ ಹಾಕಿಕೊಂಡು ಇನ್ನೊಂದನ್ನು ಅಪ್ಪನ ಅಂಗೈಗಿಟ್ಟರು. "ಹೆದರ್ಬೇಡಿ, ಪ್ರಸಾದ ತಗೊಂಡು ಕೂತ್ಕೊಳಿ."

ಬಿಳಿ ಹರಳಿನ ಮೇಲೆ ಸಣ್ಣ ಸಣ್ಣ ಕೆಂಪು ಚುಕ್ಕಿಗಳಿದ್ದವು. "ಕುಂಕುಮಾರ್ಚನೆ ಮಾಡ್ಸಿದೀರ, ಒಳ್ಳೇದಾಯ್ತು" ಎಂದು ಅಪ್ಪ ಅದನ್ನು ಕಣ್ಣಿಗೊತ್ತಿಕೊಂಡು ಬಾಯಿ ತೆರೆದರು.

ಮೈತ್ರಿ ಆ ಕೈಗೆ ಪಟ್ಟನೆ ಹೊಡೆದಳು. ಹರಳು ನೆಲಕ್ಕೆ ಬಿತ್ತು.

"ಪ್ರಸಾದಕ್ಕೆ ಹೊಡಿತೀಯೇನೇ!" ಅಪ್ಪನ ಮುಖ ಕಪ್ಪಿಟ್ಟಿತು.

"ಕುಂಕುಮ ಅಲ್ಲಪ್ಪ ಅದು, ವೀರಪ್ಪನೋರ ಎಂಜಲು." ಕೆಲಸ ಹೋಯಿತೆಂದು ಗೊತ್ತಿದ್ದೇ ಅವಳು ಮಾತು ಮುಗಿಸಿದಳು. "ದಿನಾ ಬೀಳತ್ತೆ. ಕೆಂಪಗಿರಲ್ಲ, ಅದಕ್ಕೆ ಯಾರಿಗೂ ಕಾಣಲ್ಲ."

ಬಾಗಿಲಲ್ಲಿದ್ದ ವೀರಪ್ಪ ತುಟಿ ಒರೆಸಿಕೊಂಡರು. ಡಾಕ್ಟರು ತಟ್ಟೆ ನೋಡಿದರು, ಫೋಟೊದ ಗಾಜು ನೋಡಿದರು. ಅವರ ದವಡೆ ನಿಂತುಹೋಯಿತು. ಪ್ರಸಾದ, ಉಗುಳುವಂತಿಲ್ಲ. ನುಂಗಲೂ ಆಗುತ್ತಿಲ್ಲ. ಕೆನ್ನೆಯೊಳಗೆ ಅದು ತನ್ನ ಪಾಡಿಗೆ ಕರಗುತ್ತಿತ್ತು.