ಹನ್ನೊಂದನೆಯ ಬೆರಳು

ನಾನು ಒಂದು ಫೋಟೊ. ಮುಚ್ಚಿಟ್ಟು ಉಪಯೋಗವಿಲ್ಲ, ಮೊದಲೇ ಹೇಳಿಬಿಡುತ್ತೇನೆ: ನನ್ನೊಳಗೆ ಇಬ್ಬರು ಗಂಡಸರು ಕೈಯಲ್ಲಿ ಕೈಯಿಟ್ಟು ಕೂತಿದ್ದಾರೆ. ಆ ಎರಡು ಕೈಗಳಿಗೆ ಸೇರಿ ಹನ್ನೊಂದು ಬೆರಳುಗಳಿವೆ.

ನಾನು ಹುಟ್ಟಿದ್ದು ಗದಗಿನ ಒಂದು ಸ್ಟುಡಿಯೋದಲ್ಲಿ. ಆಗಿನ್ನೂ ಫೋಟೊಗಳಿಗೆ ಕೈಯಿಂದ ಬಣ್ಣ ಹಚ್ಚುತ್ತಿದ್ದ ಕಾಲ. ಕ್ಲಾರಿಯೋನೆಟ್ ಊದುವ ದಾವಲಸಾಬ, ದೊಡ್ಡ ಡೋಲು ಬಾರಿಸುವ ಯಮನೂರಪ್ಪ, ಇಬ್ಬರೂ ಒಂದೇ ಮದುವೆ ಬ್ಯಾಂಡಿನವರು. ಒಂದೇ ಖೋಲಿಯಲ್ಲಿ ಇರುತ್ತಿದ್ದರು, ಒಂದೇ ತಾಟಿನಲ್ಲಿ ಉಣ್ಣುತ್ತಿದ್ದರು. ಬ್ಯಾಂಡಿಗೆ ಹೊಸ ಯುನಿಫಾರ್ಮು ಬಂದ ದಿನ ಅದನ್ನು ತೊಟ್ಟು ನೇರವಾಗಿ ಸ್ಟುಡಿಯೋಗೆ ಬಂದರು.

"ಕೈ ತೊಡೀ ಮ್ಯಾಲ ಇಡ್ರಿ. ಅಲ್ಲಾಡಬ್ಯಾಡ್ರಿ" ಎಂದು ಮಾಲೀಕ ವಿಠ್ಠಲರಾಯರು ಕಪ್ಪು ಬಟ್ಟೆಯೊಳಗೆ ತಲೆ ತೂರಿಸಿದರು. ಹೇಳಿದ ಮಾತು ಕೇಳುವ ಜಾತಿಯಲ್ಲ ಆ ಕೈಗಳು. ದಾವಲಸಾಬನ ಕೈ ಸರಿಯುತ್ತ ಹೋಗಿ ಗೆಳೆಯನ ಕೈ ಸೇರಿತು, ಬೆರಳೊಳಗೆ ಬೆರಳು ಹೆಣೆದುಕೊಂಡಿತು. ಸರಿಯಾಗಿ ಆ ಗಳಿಗೆಯಲ್ಲೇ ನಾನು ಹುಟ್ಟಿದೆ.

ನನಗೆ ಬಣ್ಣ ಹಚ್ಚಿದವರು ರಾಯರ ಹೆಂಡತಿ ಸುಮಿತ್ರಾಬಾಯಿ. ಕೋಟಿಗೆ ಕೆಂಪು, ಜರಿಗೆ ಬಂಗಾರದ ಬಣ್ಣ, ತುಟಿಗೆ ನಸುಗೆಂಪು. ಕೈಗಳಿಗೆ ಬಂದಾಗ ಬಾಯಿಯವರ ಕುಂಚ ತಡವರಿಸಿತು. ಅಲ್ಲಾಡಿ ಮಸುಕಾದ ಕೈ, ಯಾವ ಬೆರಳು ಯಾರದೆಂದು ತಿಳಿಯದು. ತೋಚಿದಂತೆ ಬಿಡಿಸಿದರು. ಒಣಗಿದ ಮೇಲೆ ಎಣಿಸಿದರೆ ಒಂದು ಹೆಚ್ಚು. ಕಾಗದ ಕುಡಿದ ಬಣ್ಣ ಮರಳಿ ಬರುವುದಿಲ್ಲ. ಬಾಯಿಯವರು ಹಣೆ ಚಚ್ಚಿಕೊಂಡರು.

ಫೋಟೊ ಒಯ್ಯಲು ಬಂದ ಇಬ್ಬರೂ ಎಣಿಸಿದರು, ಕಣ್ಣಲ್ಲಿ ನೀರು ಬರುವ ತನಕ ನಕ್ಕರು. "ಇರ್ಲಿ ಬಿಡ್ರಿ ಬಾಯಾರ, ಮಂದಿ ನೋಡಿ ನಗಲಿ. ಬಾಗಲದಾಗ ತೂಗಹಾಕ್ರಿ" ಎಂದ ದಾವಲಸಾಬ.

ಹೀಗೆ ನಾನು ಸ್ಟುಡಿಯೋ ಬಾಗಿಲಿನ ಗಾಜಿನ ಪೆಟ್ಟಿಗೆ ಸೇರಿದೆ. ಜಂಬ ಬಂದದ್ದು ಸುಳ್ಳಲ್ಲ. ಸಂತೆಗೆ ಬಂದವರು ಶೇಂಗಾ ತಿನ್ನುತ್ತ ನಿಂತು ಬೆರಳು ಎಣಿಸುತ್ತಿದ್ದರು. ಎಣಿಸಿ ಮುಗಿದ ಮೇಲೂ ಹೋಗುತ್ತಿರಲಿಲ್ಲ, ಆ ಎರಡು ಮುಖಗಳನ್ನೇ ನೋಡುತ್ತಿದ್ದರು. ಒಬ್ಬ ಮೂಗು ಮುರಿದು "ನಾಚಿಕಿ ಇಲ್ಲೇನು ಇವರಿಗೆ" ಅಂದಾಗ ಬಾಯಿಯವರು ಬಂದು ಗಾಜನ್ನು ಇನ್ನಷ್ಟು ಉಜ್ಜಿ ಒರೆಸಿದರು. ಇಬ್ಬರು ಮುದುಕ ದರ್ಜಿಗಳಂತೂ ಒಳಗೇ ಹೋಗಿ, "ನಮ್ಮದೂ ಹಂಗ ಕೈ ಹಿಡಕೊಂಡದ್ದು ಒಂದು ತೆಗೀರಿ" ಎಂದು ಕೂತರು.

ನಾಲ್ಕನೆಯ ವರ್ಷ ನನ್ನ ಜೀವಕ್ಕೇ ಸಂಚಕಾರ ಬಂತು. ಯಮನೂರಪ್ಪನ ಅಕ್ಕ ಫಕೀರವ್ವ ಅವನನ್ನು ಎಳೆದುಕೊಂಡು ಬಂದಳು. ದಾವಲಸಾಬ ಹಿಂದೆಯೇ ಬಂದವನು ಹೊರಗೆ ಮೆಟ್ಟಿಲ ಬಳಿ ನಿಂತ.

"ಹೆಣ್ಣಿನವರಿಗೆ ತೋರಸಾಕ ತಮ್ಮಂದು ಫೋಟೊ ಬೇಕ್ರಿ. ಇದರಾಗ ಚಂದ ಬಂದಾನ. ಅಂವನ್ನ ಒಬ್ಬನ್ನ ಕತ್ತರಿಸಿ ಕೊಡ್ರಿ" ಎಂದಳು ಫಕೀರವ್ವ.

ಆಗಿನ ಪದ್ಧತಿ ಹಾಗೆಯೇ. ಜೋಡಿ ಫೋಟೊದಿಂದ ಎಷ್ಟೋ ವರಗಳನ್ನು ಹೀಗೆ ಕತ್ತರಿಸಿ ಕಳಿಸಿದ್ದಾರೆ. ನನ್ನ ಗಾಜಿನ ನೆಗೆಟಿವ್ ಎಂದೋ ಒಡೆದಿತ್ತು, ಇದ್ದವನು ನಾನೊಬ್ಬನೇ. ನನಗೆ ಹೆದರಿಕೆಯಾಯಿತು.

ಬಾಯಿಯವರು ನನ್ನನ್ನು ಮೇಜಿನ ಮೇಲಿಟ್ಟು ಕತ್ತರಿ ತಂದರು. ತಲೆಗಳ ನಡುವೆ ದಾರಿಯಿತ್ತು, ಭುಜಗಳ ನಡುವೆಯೂ ಇತ್ತು. ಕೈಗಳ ಹತ್ತಿರ ಕತ್ತರಿ ನಿಂತಿತು.

"ಈ ಒಂದು ಬೆರಳು ಯಾರದಂತ ಹೇಳ್ರಿ. ಆಮ್ಯಾಲೆ ಕತ್ತರಸ್ತೀನಿ" ಎಂದರು ಬಾಯಿಯವರು.

ಫಕೀರವ್ವ ಬಗ್ಗಿ ನೋಡಿದಳು. ಎರಡೆರಡು ಸಲ ಎಣಿಸಿದಳು. ತಮ್ಮನ ಮುಖ ನೋಡಿದಳು.

ಯಮನೂರಪ್ಪ ಮೆಲ್ಲಗೆ ಹೇಳಿದ: "ಯಕ್ಕಾ, ಹೆಣ್ಣು ನೋಡೋದು ಬಿಡು. ನಾ ಒಬ್ಬಾಂವ ಇಲ್ಲ. ಅಂವನ್ನ ಬಿಟ್ಟು ನನಗ ಇರಾಕ ಆಗೂದಿಲ್ಲ."

ಫಕೀರವ್ವ ಸೆರಗಿನಿಂದ ಮುಖ ಒರೆಸಿಕೊಂಡು ಬಾಗಿಲ ಕಡೆ ತಿರುಗಿದಳು. "ದಾವಲ್ಯಾ, ಬಿಸಲಾಗ ಯಾಕ ನಿಂತಿ? ಒಳಗ ಬಾ." ಆಮೇಲೆ ರಾಯರಿಗೆ ಹೇಳಿದಳು: "ನಮ್ಮ ಮೂರೂ ಮಂದೀದು ಒಂದು ತೆಗೀರಿ. ನನ್ನ ನಡುವ ನಿಂದರಸ್ರಿ... ಬ್ಯಾಡ, ಬಾಜೂಕ ನಿಂದರಸ್ರಿ."

ನಾನು ಮತ್ತೆ ಗಾಜಿನ ಪೆಟ್ಟಿಗೆ ಸೇರಿದೆ. ಅಂದಿನಷ್ಟು ಹಗುರಾಗಿ ನಾನು ಎಂದೂ ತೂಗಾಡಿಲ್ಲ.

ಈಗ ಸ್ಟುಡಿಯೋ ಇಲ್ಲ. ನನ್ನ ಕೆಂಪು ಮಾಸಿದೆ, ಒಂದು ಮೂಲೆಗೆ ಗೆದ್ದಲು ಬಾಯಿ ಹಾಕಿದೆ. ಆದರೂ ಮೊನ್ನೆ ಸುಮಿತ್ರಾಬಾಯಿಯವರು ಬಣ್ಣ ಹಚ್ಚಿದ ಫೋಟೊಗಳ ಪ್ರದರ್ಶನವಾದಾಗ ಬಾಗಿಲ ಎದುರಿನ ಜಾಗ ನನಗೇ ಸಿಕ್ಕಿತು. ಬೆನ್ನು ಬಾಗಿದ ಇಬ್ಬರು ಮುದುಕರು ಕೈ ಹಿಡಿದುಕೊಂಡೇ ಬಂದರು. ನೂರಾರು ಮಂದಿಯ ನಡುವೆಯೂ ಆ ಕೈ ಬಿಡಲಿಲ್ಲ. ಚಿತ್ರಕಲೆ ಕಲಿಯುವ ಹುಡುಗಿಯೊಬ್ಬಳು ನನ್ನನ್ನೂ ಅವರನ್ನೂ ನೋಡಿ ಗುರುತು ಹಿಡಿದಳು.

"ಅಜ್ಜಾ, ಈ ಹನ್ನೊಂದನೇ ಬೆರಳು ಯಾರದು?"

"ಅಂವಂದು" ಎಂದರು ಇಬ್ಬರೂ, ಒಬ್ಬರನ್ನೊಬ್ಬರು ತೋರಿಸಿ, ಒಟ್ಟಿಗೇ.