ನೆಲದ ಪಾಸು

"ಏ ಉತ್ತಮ, ನನ್ನ ಎದಿ ಅಂದ್ರ ನಿಮ್ಮಪ್ಪ ಕೆರ ಹೊಲಿಯೋ ತೊಗಲ ಅಂತ ತಿಳ್ದಿ ಏನಲೇ? ನೆಲಕ್ಕ ಬಡದು ಕೊಡು."

ಹುಮನಾಬಾದಿನ ಸಂತೆ ಬಯಲಿನಲ್ಲಿ ಆಟ ನೋಡಲು ನೂರು ಮಂದಿ ಸೇರಿದ್ದರು. ವೀರಶೆಟ್ಟಿ ಹೀಗೆ ಕೂಗಿದ್ದೇ ತಡ, ಅಷ್ಟೂ ಮಂದಿ ನಕ್ಕರು. ಉತ್ತಮ ಎಸೆದ ಚೆಂಡು ವೀರಶೆಟ್ಟಿಯ ಎದೆಯ ಪಕ್ಕದಿಂದ ಹಾದು, ದೂರದ ಎತ್ತಿನ ಗೂಟಕ್ಕೆ ಬಡಿದು ನಿಂತಿತು. ವೀರಶೆಟ್ಟಿ ಕೈ ಎತ್ತಿರಲೇ ಇಲ್ಲ.

ಉತ್ತಮ ಓಡಿಹೋಗಿ ಚೆಂಡು ತಂದ. ಈ ಸಲ ನೆಲಕ್ಕೆ ಬಡಿದ. ಅದು ಪುಟಿದು ಹೋಗಿ ವೀರಶೆಟ್ಟಿಯ ಕೈ ಸೇರಿತು.

"ಹಾಂ, ಹೀಂಗ," ಎಂದ ವೀರಶೆಟ್ಟಿ.

ಮಣ್ಣು ಮುಟ್ಟಿ ಬಂದದ್ದಕ್ಕೆ ಮೈಲಿಗೆ ಇಲ್ಲ. ಕಿರಾಣಿ ಅಂಗಡಿಯವನು ಉತ್ತಮನ ಅವ್ವ ದ್ರೌಪತಿಗೆ ಬೆಲ್ಲ ಕೊಡುವುದೂ ಹಾಗೆಯೇ. ಕಟ್ಟೆಯ ಮೇಲಿಟ್ಟು ಕೈ ಹಿಂದಕ್ಕೆ ಎಳೆದುಕೊಳ್ಳುತ್ತಾನೆ, ಆಮೇಲೆ ಅವಳು ಎತ್ತಿಕೊಳ್ಳುತ್ತಾಳೆ. ನಡುವೆ ನೆಲ ಇರಬೇಕು. ಆ ಕಾನೂನು ಈಗ ಬಾಸ್ಕೆಟ್‌ಬಾಲಿಗೂ ಬಂತು. ಚೆಂಡು ಯಾತರದ್ದು? ತೊಗಲಿನದು. ಅದರ ಹೊಲಿಗೆ ಬಿಚ್ಚಿದಾಗಲೆಲ್ಲ ಬಿಗಿದು ಕೊಟ್ಟವನು ಯಾರು? ಉತ್ತಮನ ಅಪ್ಪ ಮಾರುತಿ. ಅವನ ಎಂಜಲು ಹತ್ತಿದ ದಾರ ಅದರ ಮೈತುಂಬ ಇತ್ತು. ಅದನ್ನು ಅವುಚಿಕೊಂಡು ಓಡಲು ಯಾವ ಮಗನಿಗೂ ಅಡ್ಡಿ ಇರಲಿಲ್ಲ. ಮಾರುತಿಯ ಮಗನ ಕೈಯಿಂದ ಸೀದಾ ಬರಬಾರದು, ಅಷ್ಟೆ.

ಅದು ನಲವತ್ಮೂರನೇ ಇಸವಿಯ ಬೇಸಿಗೆ. ವೀರಶೆಟ್ಟಿ ಅಡತಿ ವ್ಯಾಪಾರಿಯ ಮಗ. ಹೈದರಾಬಾದಿನ ಕಾಲೇಜಿನಲ್ಲಿ ಓದುತ್ತಿದ್ದ. ರಜೆಗೆ ಬರುವಾಗ ಈ ಆಟವನ್ನೂ ಚೆಂಡನ್ನೂ ತಂದಿದ್ದ. ಕಮ್ಮಾರನಿಂದ ಎರಡು ಕಬ್ಬಿಣದ ಬಳೆ ಬಡಿಸಿ ಕಂಬಕ್ಕೆ ಹೊಡೆಸಿದ. ಐದು ಮಂದಿ ಬೇಕು, ನಾಲ್ಕೇ ಸಿಕ್ಕರು. ಅದೂ ಎಲ್ಲರಿಗೂ ಬುಟ್ಟಿಗೆ ಹಾಕುವ ಹುಚ್ಚು. ಗಾರ್ಡ್ ಆಗಲು ಯಾರೂ ಒಲ್ಲರು. ಗಾರ್ಡ್ ಅಂದರೆ ಈ ತುದಿಯಿಂದ ಆ ತುದಿಗೆ ಚೆಂಡು ಬಡಿಯುತ್ತ ತಂದು, ಹಾಕುವವರ ಕೈಗೆ ಕೊಡುವವನು. ತಂದು ಕೊಡುವ ಕೆಲಸಕ್ಕೆ ಯಾರು ಬೇಕೆಂದು ಊರಿಗೆ ಹೇಳಿಕೊಡಬೇಕೆ? ಶಾಲೆಯ ಡ್ರಿಲ್ ಮಾಸ್ತರ ಲಾಲ್ ಅಹ್ಮದ್, ತರಗತಿಯ ಹೊರಗೆ ವರಾಂಡದಲ್ಲಿ ಕೂತು ಓದುತ್ತಿದ್ದ ಉತ್ತಮನ ರಟ್ಟೆ ಹಿಡಿದು ಬಯಲಿಗೆ ತಂದು ನಿಲ್ಲಿಸಿದ.

"ಇಂವ ಓಡಿದ್ರ ಕಾಲ ಕಾಣಂಗಿಲ್ಲ," ಎಂದ ಮಾಸ್ತರ. "ನಿಮಗ ಓಡವ ಬೇಕೋ, ಕುಲ ಬೇಕೋ?"

ಅವರಿಗೆ ಎರಡೂ ಬೇಕಾಗಿತ್ತು. ಅದಕ್ಕೇ ನೆಲವನ್ನು ನಡುವೆ ತಂದರು.

ನೆಲಕ್ಕೆ ಬಡಿದು ಕೊಡು ಅಂದರಲ್ಲ, ಉತ್ತಮ ಬಡಿದ. ಹಲ್ಲು ಕಚ್ಚಿಕೊಂಡು ಬಡಿದ. ಬೆಳಗ್ಗೆ ಶಾಲೆಗೆ ಮೊದಲು, ಸಂಜೆ ಅಪ್ಪನ ತೊಗಲು ಚುಚ್ಚುವ ಆರಿ, ಕೊಯ್ಯುವ ರಾಪಿ ಬಿಟ್ಟೆದ್ದು, ಕೇರಿಯ ಮೊಂಡುಗೋಡೆಗೆ ಗುರಿಯಿಟ್ಟು ಬಡಿದ. ಕೈ ತಿರುವಿ ಬಡಿದರೆ ಚೆಂಡು ಎಡಕ್ಕೆ ಏಳುತ್ತದೆ, ಬೆರಳು ಹಿಂದಕ್ಕೆಳೆದರೆ ಮೊಣಕಾಲಿನ ಮೇಲೆ ಏಳುವುದೇ ಇಲ್ಲ. ಮೇಯುವ ಆಡಿನ ಹೊಟ್ಟೆಯ ಕೆಳಗಿನಿಂದ ಚೆಂಡು ದಾಟಿಸಿದರೆ ಆಡು ತಲೆ ಎತ್ತುತ್ತಿರಲಿಲ್ಲ. ಜತೆಗೆ ನೇಕಾರರ ಮನೆಯ ಮಕ್ಬೂಲ್ ಇದ್ದ. ಟೀಮಿನಲ್ಲಿ ಅವನೊಬ್ಬನಿಗೆ ಮಾತ್ರ ನಡುವೆ ನೆಲ ಬೇಕಿರಲಿಲ್ಲ. "ಸೀದಾ ಒಗಿಯೋ, ನನಗೇನ್ ಆಗ್ತದ?" ಎನ್ನುತ್ತಿದ್ದ.

ವೀರಶೆಟ್ಟಿಯೂ ಅಷ್ಟೆ ಅನ್ನಿ. ಬೆಳಗಿನ ಜಾವ ಬಯಲಿನಲ್ಲಿ ಬೇರೆ ಯಾರೂ ಇಲ್ಲದಾಗ ಎದೆಗೆ ಬಂದ ಚೆಂಡನ್ನು ಎರಡೂ ಕೈಯಿಂದ ಹಿಡಿಯುತ್ತಿದ್ದ, ನಗುತ್ತಿದ್ದ, ವಾಪಸು ಎಸೆಯುತ್ತಿದ್ದ. ದಾರಿಯಲ್ಲಿ ಒಂದು ಬಂಡಿ ಕಂಡಿತೋ, "ನೆಲಕ್ಕ," ಎಂದು ಹಲ್ಲಿನೊಳಗೇ ಹೇಳುತ್ತಿದ್ದ.

ಮರುವರ್ಷ ಪಕ್ಕದ ಕಲ್ಯಾಣ ಊರಿನವರು ಟೀಮು ಕಟ್ಟಿಕೊಂಡು ಹುಮನಾಬಾದಿಗೆ ಆಡಲು ಬಂದರು. ಕೈ ಮೇಲೆತ್ತಿ ಅಡ್ಡ ನಿಂತರು. ಉತ್ತಮನ ಚೆಂಡು ಅವರ ಕಾಲ ಸಂದಿಯಿಂದ, ಅಂಗೈ ಅಗಲದ ಜಾಗದಿಂದ ನುಸುಳಿ ಹೋಯಿತು. ಬಗ್ಗಿ ಹುಡುಕುವುದರೊಳಗೆ ಬುಟ್ಟಿಯಲ್ಲಿ ಬಿದ್ದಿರುತ್ತಿತ್ತು. ಹದಿನಾಲ್ಕು ಅಂಕದಿಂದ ಸೋತು ಹೋದರು. ಸುತ್ತಲಿನ ಹುಡಗಿ, ಮನ್ನಾಏಖೇಳ್ಳಿ ಊರುಗಳಿಂದ ಹುಡುಗರು ನಡೆದು ಬಂದು ಈ ಗಾರ್ಡನ್ನು ನೋಡತೊಡಗಿದರು. ಅಡತಿ ಬಜಾರಿನಲ್ಲಿ ಅವನ ಹೆಸರು ಹೇಳುತ್ತಿದ್ದರು. ಅದೇ ಬಜಾರಿನ ಮಡಕೆಯ ನೀರು ಮಾತ್ರ ಅವನಿಗೆ ಮೇಲಿನಿಂದ ಬೊಗಸೆಗೆ ಬೀಳುತ್ತಿತ್ತು.

ನಲವತ್ತೈದರಲ್ಲಿ ಉತ್ತಮ ಮೆಟ್ರಿಕ್ ಪಾಸಾದ. ಕೇರಿಯಲ್ಲಿ ಅವನೇ ಮೊದಲು. ಮುಂದೆ ಏನು ಅಂದರೆ ಆರಿ ಮತ್ತು ರಾಪಿ. ಆಗ ಲಾಲ್ ಅಹ್ಮದ್ ಮನೆ ಬಾಗಿಲಿಗೆ ಬಂದ.

"ಬೇಟಾ, ವೀರಶೆಟ್ಟಿ ಕಾಲೇಜಿನ ಆಟದ ಸಾಹೇಬ್ರು ಬರಾಕತ್ತಾರ, ಕಲ್ಯಾಣದ ಮ್ಯಾಚ್ ನೋಡಾಕ. ಗಾರ್ಡ್ ಬೇಕಂತ ಅವರಿಗೆ. ಫೀಸ್ ಮಾಫ್, ಹಾಸ್ಟೆಲಿನಾಗ ಊಟ. ನಿನ್ನ ಹೆಸರ ಹೇಳಿದಂವ ವೀರಶೆಟ್ಟಿನೇ."

ದ್ರೌಪತಿ ಒಲೆಯ ಮುಂದಿನಿಂದ ಕೇಳಿದಳು, "ಕಾಲೇಜ ಅಂದ್ರ ಒಳಗ ಕೂಡಸ್ತಾರ್ರಿ, ಮಾಸ್ತರ?"

"ಒಳಗ, ಬೆಂಚಿನ ಮ್ಯಾಲ, ಅಕ್ಕಾ."

ಕಲ್ಯಾಣದ ಕೋಟೆಯ ಕೆಳಗಿನ ಬಯಲಿಗೆ ಹುಮನಾಬಾದಿನವರ ಲಾರಿ ಹೋದಾಗ ನೀರು ಹೊರುವ ಭಿಸ್ತಿಗಳು ತೊಗಲಿನ ಮಶಕದಿಂದ ನೀರು ಚಿಮುಕಿಸುತ್ತಿದ್ದರು. ಧೂಳು ಏಳಬಾರದು ಅಂತ, ಎಂದರು ಕಲ್ಯಾಣದವರು. ಧೂಳಿಗೆ ಅಷ್ಟು ನೀರು ಬೇಡ. ಬುಟ್ಟಿಯ ಮುಂದೆ ಕೆಂಪು ಮಣ್ಣು ಕಲಸಿಟ್ಟ ಹಿಟ್ಟಿನಂತಾಗಿತ್ತು. ಹೋದ ವರ್ಷದ ಸೋಲಿನಿಂದ ಅವರು ಪಾಠ ಕಲಿತಿದ್ದರು.

ಮೊದಲ ಪಾಸು ನೆಲಕ್ಕೆ ಬಡಿಯಿತು, ಅಲ್ಲೇ ಕೂತಿತು.

"ಏನೋ, ನಿನ್ನ ನೆಲ ಮುನಿಸಿಕೊಂಡದ ಏನು?" ಎಂದು ಕಲ್ಯಾಣದ ಗಾರ್ಡ್ ಹಣಮಂತ ಚೆಂಡು ಎತ್ತಿಕೊಂಡು ಓಡಿದ.

ಮಕ್ಬೂಲನಿಗೆ ಇಬ್ಬರು ಅಂಟಿಕೊಂಡಿದ್ದರು. ಉತ್ತಮ ತಾನೇ ನುಗ್ಗಿ ಮೂರು ಸಲ ಹಾಕಿದ. ಆಮೇಲೆ ಅವನಿಗೂ ಇಬ್ಬರು ಬಂದರು. ಅಂದರೆ ವೀರಶೆಟ್ಟಿ ಬುಟ್ಟಿಯ ಕೆಳಗೆ ಒಂಟಿ. ಅಡ್ಡ ಯಾರೂ ಇಲ್ಲ. ಕುರುಡನೂ ಅವನಿಗೇ ಕೊಡುತ್ತಿದ್ದ.

ಉತ್ತಮ ಸೀದಾ ಎದೆಗೆ ಎಸೆದ.

ವೀರಶೆಟ್ಟಿಯ ಕೈ ಅರ್ಧ ಎದ್ದವು. ಆಮೇಲೆ ಅವನ ಕಣ್ಣು ಗೆರೆಯಾಚೆ ಕುರ್ಚಿಯ ಮೇಲೆ ಕೂತಿದ್ದ ಅಪ್ಪನ ಕಡೆ ಹೋಯಿತು. ಅಪ್ಪನ ಪಕ್ಕ ಕಲ್ಯಾಣದ ನಾಲ್ಕು ಮಂದಿ ದೊಡ್ಡವರು. ಕೈ ಇಳಿದವು. ಒಂದು ಹೆಜ್ಜೆ ಪಕ್ಕಕ್ಕಿಟ್ಟ. ಚೆಂಡು ಹೊರಗೆ ಹೋಯಿತು.

"ಹಿಡಿಯೋ ಮಾರಾಯಾ," ಎಂದು ಮಕ್ಬೂಲ್ ಗಂಟಲು ಹರಿಯುವಂತೆ ಕೂಗಿದ. ಉತ್ತಮ ಮತ್ತೆ ಅಲ್ಲಿಗೇ ಎಸೆದ. ಮತ್ತೆ ಹೊರಗೆ. ಕೊನೆಯ ನಿಮಿಷದಲ್ಲಿ ಒಂದೇ ಅಂಕ ಹಿಂದಿದ್ದರು. ಮೂರನೆಯ ಸಲ ಎಸೆದ, ಮೆಲ್ಲಗೆ, ಮಗುವಿಗೆ ಕೊಟ್ಟ ಹಾಗೆ. ವೀರಶೆಟ್ಟಿ ಮುಖ ತಿರುಗಿಸಿದ. ಚೆಂಡು ಅವನ ಭುಜ ಸವರಿಕೊಂಡು ಹೋಗಿ ಮಂದಿಯ ನಡುವೆ ಬಿತ್ತು. ಅವನು ಭುಜ ಒರೆಸಿಕೊಂಡ. ಸೀಟಿ ಕೇಳಿಸಿತು. ಹುಮನಾಬಾದು ಸೋತಿತು.

"ಹೊರಗ ಒಗ್ದು ಒಗ್ದು ಮ್ಯಾಚ್ ಕಳದ ಸೂಳಿಮಗ," ಎಂದ ಇವರದೇ ಲಾರಿಯಲ್ಲಿ ಬಂದವನೊಬ್ಬ. ವೀರಶೆಟ್ಟಿ ಪಕ್ಕದಲ್ಲೇ ಇದ್ದ. ಕಾಲಿನ ಕೆಸರು ಕೆರೆದುಕೊಳ್ಳತೊಡಗಿದ.

ಹೈದರಾಬಾದಿನ ಸಾಹೇಬ ಬಿಳಿ ಪ್ಯಾಂಟು ಹಾಕಿದ್ದ, ರಾಯಚೂರ ಕಡೆಯವನು, ಕನ್ನಡ ಬಲ್ಲವನು. ಉತ್ತಮನನ್ನು ಕರೆದು ಎಲ್ಲರ ಮುಂದೆ ಹೆಗಲ ಮೇಲೆ ಕೈ ಇಟ್ಟ. ಲಾಲ್ ಅಹ್ಮದನ ಮುಖ ಅರಳಿತು.

"ನಾ ಎಲ್ಲಾ ನೋಡ್ದೆ. ನಿನ್ನ ಪಾಸ್ ಒಂದೂ ತಪ್ಪಿಲ್ಲ," ಎಂದ ಸಾಹೇಬ.

ಮೂರು ವರ್ಷದಲ್ಲಿ ಯಾರೂ ಉತ್ತಮನಿಗೆ ಈ ಮಾತು ಹೇಳಿರಲಿಲ್ಲ. ಅವನು ನಮಸ್ಕಾರ ಮಾಡಲು ಕೈ ಎತ್ತಿದ.

"ಫಾರಂ ತಂದೀನಿ. ಸಹಿ ಮಾಡು, ಮುಂದಿನ ತಿಂಗಳ ಬಾ," ಎಂದ ಸಾಹೇಬ. ಆಮೇಲೆ ದನಿ ಇಳಿಸಿದ, ಆದರೂ ಸುತ್ತಲಿನವರಿಗೆ ಕೇಳಿಸಿತು. "ಒಂದ ಮಾತ. ನನ್ನ ಟೀಮಿನಾಗ ವೀರಶೆಟ್ಟಿಯಂಥಾ ಮನಿ ಹುಡುಗ್ರು ಮೂರು ಮಂದಿ ಅದಾರ. ನಮ್ಮದು ಸಿಮೆಂಟಿನ ನೆಲ, ಅಲ್ಲಿ ಕೆಸರ ಆಗಂಗಿಲ್ಲ. ನೆಲಕ್ಕ ಬಡದು ಕೊಡ್ತೀನಿ ಅಂತ ಹೇಳಿಬಿಡು. ಕೇಳಿದವ್ರಿಗೆ ನಿನ್ನ ಶೈಲಿನೇ ಅದು ಅಂತ ನಾ ಹೇಳ್ತೀನಿ. ಏನಂತಿ?"

ಫಾರಂ ಗಾಳಿಗೆ ಅಲುಗಾಡಿತು. ವೀರಶೆಟ್ಟಿ ನೆಲ ನೋಡುತ್ತಿದ್ದ.

"ಹೂಂ ಅನ್ನು, ಬೇಟಾ," ಎಂದ ಲಾಲ್ ಅಹ್ಮದ್. "ಒಂದ್ ಸಲ ಹೂಂ ಅನ್ನು. ನಿಮ್ಮವ್ವ ಕಾಯಾಕತ್ತಾಳ."

ಉತ್ತಮ ಸಾಹೇಬನ ಕೈಯನ್ನು ತನ್ನ ಹೆಗಲಿನಿಂದ ಇಳಿಸಿದ. ಮಂದಿ ದಾರಿ ಬಿಟ್ಟರು, ಅಂಗಿ ತಾಗದಂತೆ ದೂರ ಸರಿದು ಬಿಟ್ಟರು. "ಏ, ಸಾಹೇಬ್ರು ಕೇಳಾಕತ್ತಾರ," ಎಂದು ಹಿಂದಿನಿಂದ ಯಾರೋ ಗದರಿದರು. ಮಕ್ಬೂಲ್ ಅವನ ಹೆಸರು ಹಿಡಿದು ಎರಡು ಸಲ ಕರೆದ. ಉತ್ತಮ ಲಾರಿಯನ್ನು ದಾಟಿ, ಕಾಲಿಗೆ ಮೆತ್ತಿದ ಕೆಂಪು ಕೆಸರಿನ ಸಮೇತ, ಹುಮನಾಬಾದಿನ ದಾರಿ ಹಿಡಿದು ನಡೆದೇಬಿಟ್ಟ.